ಪಿಯೋನಿಯ ಹೊಸ ತಳಿ ಬೆಳೆಸುವುದು, ಬಣ್ಣಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಉತ್ತರ ರಾಜ್ಯಗಳಲ್ಲೋ ಕೆನಡಾದಲ್ಲೋ ಹಳೆಯ ಮನೆ ಕೊಂಡ ಕನ್ನಡಿಗರಿಗೆ ಎಷ್ಟೋ ಸಲ ಮನೆಯ ಜೊತೆಗೆ ಹಿಂದಿನವರು ನೆಟ್ಟ ಒಂದೆರಡು ಪಿಯೋನಿ ಬುಡಗಳೂ ಸಿಕ್ಕಿರುತ್ತವೆ. ಮೊದಲ ಜೂನ್‌ನಲ್ಲಿ ಅದು ಅರಳಿದ್ದು ನೋಡಿ ಮರುಳಾದವರು, ಕೆಲವು ವರ್ಷ ಕಳೆಯುವಷ್ಟರಲ್ಲಿ "ಇದಕ್ಕೂ ಅದಕ್ಕೂ ಕೂಡಿಸಿದರೆ ಏನು ಬಂದೀತು?" ಎಂದು ಕೇಳತೊಡಗುತ್ತಾರೆ. ಮಿನ್ನೆಸೋಟದಲ್ಲಿ ಪಿಯೋನಿ ಬೆಳೆಸುವ ನನಗೆ ಬರುವ ಅಂಥ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಕೂಡಿಸುವುದಕ್ಕೆ ಒಂದು ಬೆಳಗ್ಗೆ ಸಾಕು. ಹುಟ್ಟಿದ್ದನ್ನು ವರ್ಷಗಟ್ಟಲೆ ನೋಡುವುದು, ನೋಡಿದ್ದನ್ನು ಬರೆದಿಡುವುದು, ಬೇಡದ್ದನ್ನು ಕೀಳುವುದು, ಈ ಮೂರರಲ್ಲೇ ತಳಿಗಾರನ ನಿಜವಾದ ಕೆಲಸ ಇದೆ ಎಂದು ನಂಬಿದವನು ನಾನು. ಹಾಗಾಗಿ ಆ ಉತ್ತರಗಳು ಇಲ್ಲಿ ಉದ್ದವಾಗಿವೆ.

ಪಿಯೋನಿ ಗುಲಾಬಿಯ ಜಾತಿಯೇ?

ಅಲ್ಲ. ದೂರದಿಂದ ದಪ್ಪ ಗುಲಾಬಿಯಂತೆ ಕಂಡರೂ ಅದರದ್ದು ಬೇರೆಯದೇ ಕುಟುಂಬ. ಆ ಕುಟುಂಬದಲ್ಲಿ ಪಿಯೋನಿಯಾ ಒಂದೇ ಕುಲ, ಅದರಲ್ಲಿ 30ಕ್ಕೂ ಹೆಚ್ಚು ಪ್ರಭೇದಗಳು. ತೋಟಗಳಲ್ಲಿ ಮೂರು ಬಗೆ ಕಾಣುತ್ತೇವೆ. ಚಳಿಗಾಲಕ್ಕೆ ನೆಲಮಟ್ಟ ಒಣಗಿ ವಸಂತದಲ್ಲಿ ಕೆಂಪು ಚಿಗುರಾಗಿ ಮೇಲೇಳುವ ಗೆಡ್ಡೆ ಪಿಯೋನಿ ಒಂದು. ಇದರ ಬಹುಪಾಲು ತಳಿಗಳು ಸೈಬೀರಿಯ, ಮಂಗೋಲಿಯ, ಉತ್ತರ ಚೀನಾ ಮೂಲದ ಲ್ಯಾಕ್ಟಿಫ್ಲೋರಾ ಪ್ರಭೇದದವು. ಚಳಿಗಾಲದಲ್ಲೂ ಕಡ್ಡಿ ಉಳಿಸಿಕೊಳ್ಳುವ ಮರ ಪಿಯೋನಿ ಇನ್ನೊಂದು. ಚೀನಾದ ಲುವೊಯಾಂಗ್ ಊರಿನ ಹೆಸರು ಹೇಳಿದರೆ ನೆನಪಾಗುವ ಹೂವು ಇದೇ. ಇವೆರಡೂ ಕೂಡಿ ಹುಟ್ಟಿದ್ದು ಇಟೋ ಪಿಯೋನಿ. ಅದರ ಕಥೆ ಮುಂದಿದೆ.

ಬೆಂಗಳೂರಿನಲ್ಲಿ ಅಥವಾ ಮಡಿಕೇರಿಯಲ್ಲಿ ಬೆಳೆಯಬಹುದೇ?

ಗಿಡ ಚಿಗುರೀತು, ಹೂ ನಂಬಬೇಡಿ. ನೆಲದೊಳಗಿನ ಕಣ್ಣುಗಳಿಗೆ ವಾರಗಟ್ಟಲೆ 4–5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಚಳಿ ತಾಗದಿದ್ದರೆ ಮೊಗ್ಗು ಹೊರಡುವುದಿಲ್ಲ. ಕರ್ನಾಟಕದ ಯಾವ ಬೆಟ್ಟದ ಮೇಲೂ ಅಷ್ಟು ದಿನ ಅಂಥ ಚಳಿ ನಿಲ್ಲದು. ನಮ್ಮ ದೇಶದಲ್ಲಿ ಪಿಯೋನಿ ಇಲ್ಲವೆಂದಲ್ಲ: ಕಾಶ್ಮೀರ, ಹಿಮಾಚಲ, ಉತ್ತರಾಖಂಡಗಳ ಕಾಡಿನಲ್ಲಿ ಎಮೋಡಿ ಎಂಬ ಪ್ರಭೇದ ತಾನಾಗಿ ಬೆಳೆಯುತ್ತದೆ, ಬಿಳಿ ಎಸಳು, ನಡುವೆ ಹಳದಿ ಕೇಸರ. ತಳಿಗಾರರು ಅದನ್ನೂ ಬಳಸಿದ್ದಾರೆ.

ಬೆಂಗಳೂರಿನಲ್ಲೇ ಇದ್ದು ಹೊಸ ತಳಿ ಮಾಡುವ ಹಂಬಲವಿದ್ದರೆ ದಾಸವಾಳಕ್ಕೋ ಬೋಗನ್‌ವಿಲ್ಲಾಕ್ಕೋ ಕೈ ಹಾಕಿ. ಜಗತ್ತಿನ ಬೋಗನ್‌ವಿಲ್ಲಾ ತಳಿಗಳ ಹೆಸರು ನೋಂದಾಯಿಸುವ ಹೊಣೆ ಹೊತ್ತಿರುವುದು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ. ಟಿಪ್ಪಣಿ ಬರೆಯುವ ಬಗ್ಗೆ ಕೆಳಗೆ ಹೇಳಿರುವುದೆಲ್ಲ ಆ ಹೂಗಳಿಗೂ ಸಲ್ಲುತ್ತದೆ.

ಬೀಜದಿಂದ ಹುಟ್ಟಿದ ಪ್ರತಿ ಗಿಡವೂ ಹೊಸ ತಳಿಯಲ್ಲವೇ?

ಒಂದು ಅರ್ಥದಲ್ಲಿ ಹೌದು, ಒಂದೇ ಕಾಯಿಯ ಎರಡು ಬೀಜಗಳೂ ಒಂದೇ ಹೂ ಕೊಡುವುದಿಲ್ಲ. ಆದರೆ ತಳಿ ಎನ್ನಿಸಿಕೊಳ್ಳಲು ಅಷ್ಟು ಸಾಲದು. ಯಾರೋ ಆ ಒಂದು ಗಿಡವನ್ನು ಬೇಕೆಂದು ಆರಿಸಿರಬೇಕು. ಅದು ಬೇರೆಲ್ಲದರಿಂದ ಬೇರೆಯಾಗಿ ಕಾಣಬೇಕು. ಬುಡ ಸೀಳಿ ಹೆಚ್ಚಿಸಿದಾಗ ಪ್ರತಿ ತುಂಡೂ ಅದೇ ಹೂ ಕೊಡಬೇಕು. ಮಲೆನಾಡಿನ ಹೆಂಗಸರು ಡೇರೆ ಗೆಡ್ಡೆಯನ್ನು ಒಬ್ಬರಿಂದೊಬ್ಬರು ಇಸಿದುಕೊಂಡು ಊರೆಲ್ಲ ಅದೇ ಹೂ ಹರಡುತ್ತಾರಲ್ಲ, ಪಿಯೋನಿಯ ತಳಿ ಉಳಿಯುವುದೂ ಹಾಗೆಯೇ. 1851ರಲ್ಲಿ ಫ್ರಾನ್ಸಿನಲ್ಲಿ ಹೊರಬಂದ ‘ಫೆಸ್ಟೀವಾ ಮ್ಯಾಕ್ಸಿಮಾ’ ಇಂದು ನಿಮ್ಮ ಅಂಗಳದಲ್ಲಿದ್ದರೆ ಅದು ಆ ಮೊದಲ ಗಿಡದ್ದೇ ತುಂಡಿನ ತುಂಡಿನ ತುಂಡು.

ಒಟ್ಟು ಎಷ್ಟು ವರ್ಷ ಹಿಡಿಯುತ್ತದೆ?

ಬೀಜ ಊರಿದ ಮೇಲೆ ಮೊದಲ ಹೂವಿಗೆ ಮೂರರಿಂದ ಐದು ವರ್ಷ, ಮರ ಪಿಯೋನಿಯಾದರೆ ಇನ್ನೂ ಹೆಚ್ಚು. ಹೂ ಕಂಡ ಮೇಲೆ ಮೂರು ನಾಲ್ಕು ವರ್ಷ ನೋಡಬೇಕು. ಆಮೇಲೆ ಸೀಳಿ ನೆಟ್ಟು, ಆ ತುಂಡುಗಳು ಬಲಿಯಲು ಮತ್ತೆ ಮೂರು ವರ್ಷ. ಹತ್ತು ಹನ್ನೆರಡು ವರ್ಷ ಎಂದಿಟ್ಟುಕೊಳ್ಳಿ. ಮಧ್ಯೆ ಮನೆ ಬದಲಿಸುವ ಯೋಚನೆ ಇರುವವರು ಗಿಡ ನಂಬಿಸಿ ಬಿಡಬಹುದಾದ ಒಬ್ಬರನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಯಾವುದಕ್ಕೆ ಯಾವುದನ್ನು ಕೂಡಿಸಬೇಕು?

ಮೊದಲು ನಿಮಗೆ ಏನು ಬೇಕೆಂದು ಒಂದು ಸಾಲಿನಲ್ಲಿ ಬರೆದುಕೊಳ್ಳಿ. "ಮಳೆಗೆ ಬಾಗದ, ಸುವಾಸನೆಯ, ತಿಳಿಗುಲಾಬಿ ಒಂಟಿಸುತ್ತು" ಎಂದು ಬರೆದರೆ ಅರ್ಧ ದಾರಿ ನಡೆದಂತೆ. "ಚೆಂದದ್ದು" ಎಂದು ಬರೆದರೆ ಹೊರಟೇ ಇಲ್ಲ.

ಆಮೇಲೆ ವರ್ಣತಂತುಗಳ (ಕ್ರೋಮೋಸೋಮ್) ಲೆಕ್ಕ. ಲ್ಯಾಕ್ಟಿಫ್ಲೋರಾದಲ್ಲಿ 10 ವರ್ಣತಂತು, ದಕ್ಷಿಣ ಯುರೋಪಿನ ಅಫಿಸಿನಾಲಿಸ್‌ನಲ್ಲಿ 20. ಎರಡನ್ನೂ ಕೂಡಿಸಿದರೆ ಮಗುವಿನಲ್ಲಿ 15. ಇಂಥ ಗಿಡಗಳು ಸೊಗಸಾಗಿ ಹೂ ಬಿಡುತ್ತವೆ, ಬೀಜ ಮಾತ್ರ ಕಟ್ಟುವುದೇ ಅಪರೂಪ. 1944ರ ‘ರೆಡ್ ಚಾರ್ಮ್’ ಹೂವಿನ ಕಡುಗೆಂಪು ನೋಡಿ ಅದರಿಂದ ಮಕ್ಕಳನ್ನು ಪಡೆಯಲು ಹೊರಟ ಹೊಸಬರು ಬರಿಗೈಯಲ್ಲಿ ನಿಲ್ಲುವುದು ಇದಕ್ಕೇ. ಮೊದಲ ಪ್ರಯತ್ನಕ್ಕೆ ಬೀಜ ಚೆನ್ನಾಗಿ ಕಟ್ಟುವ ಎರಡು ಲ್ಯಾಕ್ಟಿಫ್ಲೋರಾಗಳನ್ನೇ ತೆಗೆದುಕೊಳ್ಳಿ.

ದೂರದ ಪ್ರಭೇದಗಳನ್ನು ಕೂಡಿಸುವ ದಾರಿಯನ್ನು ಅಗಲ ಮಾಡಿದವರು ನ್ಯೂಯಾರ್ಕ್ ರಾಜ್ಯದ ಹ್ಯಾಮಿಲ್ಟನ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಎ. ಪಿ. ಸಾಂಡರ್ಸ್ (1869–1953). ಲ್ಯಾಕ್ಟಿಫ್ಲೋರಾಕ್ಕೆ ಬಾಲ್ಕನ್ ಸೀಮೆಯ ಪೆರೆಗ್ರಿನಾ ಕೂಡಿಸಿ ಅವರು ತಂದ ಹವಳದ ಬಣ್ಣ ಅದಕ್ಕೆ ಮೊದಲು ತೋಟಗಳಿಗೆ ಹೊಸತು. ಅವರು ಪಾಠ ಕಲಿಸಿದ್ದು ಹೂಗಳಿಂದ ಎಷ್ಟೋ, ಟಿಪ್ಪಣಿ ಪುಸ್ತಕಗಳಿಂದಲೂ ಅಷ್ಟೇ. ಯಾವ ತಾಯಿ, ಯಾವ ತಂದೆ, ಎಷ್ಟು ಬೀಜ, ಎಷ್ಟು ಮೊಳಕೆ ಎಂದು ಅವರು ಬರೆದಿಟ್ಟಿದ್ದನ್ನು ಮುಂದಿನ ತಲೆಮಾರಿನ ತಳಿಗಾರರು ಆಧಾರವಾಗಿ ಹಿಡಿದು ನಡೆದರು.

ಪರಾಗ ಹಾಕುವುದು ಹೇಗೆ?

ತಂದೆ ಗಿಡದ ಹೂ ಅರಳುವ ಹಿಂದಿನ ದಿನವೇ ಮೊಗ್ಗನ್ನು ಕಿತ್ತು, ಕೇಸರದ ತುದಿಯ ಹಳದಿ ಪರಾಗಕೋಶಗಳನ್ನು ಒಂದು ಕಾಗದದ ಮೇಲೆ ಉದುರಿಸಿ. ಗಾಳಿ ಬೀಸದ ಒಣ ಕೋಣೆಯಲ್ಲಿ ರಾತ್ರಿ ಬಿಟ್ಟರೆ ಬೆಳಗ್ಗೆಗೆ ಒಡೆದು ಪುಡಿ ಬಿಟ್ಟಿರುತ್ತವೆ. ಚಿಕ್ಕ ಸೀಸೆಗೆ ತುಂಬಿ, ತೇವ ಹೀರುವ ಸಿಲಿಕಾ ಪೊಟ್ಟಣದ ಜೊತೆ ಫ್ರಿಜ್‌ನಲ್ಲಿಟ್ಟರೆ ಕೆಲವು ವಾರ ಜೀವ ಇರುತ್ತದೆ. ಮರ ಪಿಯೋನಿ ಮೊದಲು ಅರಳಿ ಮುಗಿದು, ಲ್ಯಾಕ್ಟಿಫ್ಲೋರಾ ಆಮೇಲೆ ಅರಳುವುದರಿಂದ ಹೀಗೆ ಕೂಡಿಡುವುದು ಬಲು ಮುಖ್ಯ. ಸೀಸೆಯ ಮೇಲೆ ಹೆಸರು, ತಾರೀಕು ಬರೆಯದೆ ಒಳಗಿಡಬೇಡಿ. ಎಲ್ಲ ಪರಾಗವೂ ಒಂದೇ ಹಳದಿ.

ತಾಯಿ ಗಿಡದಲ್ಲಿ ನಾಳೆ ಅರಳಬಹುದಾದ ಮೊಗ್ಗು ಹುಡುಕಿ. ಬೆರಳಲ್ಲಿ ಮೆಲ್ಲನೆ ಒತ್ತಿದರೆ ಮೆತ್ತಗೆ ಒಳಕ್ಕೆ ಹೋಗಬೇಕು. ಎಸಳು ಬಿಡಿಸಿ ಒಂದೊಂದಾಗಿ ಕಿತ್ತುಹಾಕಿ. ಒಳಗೆ ಒತ್ತಾಗಿ ನಿಂತ ಕೇಸರಗಳನ್ನು ಚಿಮಟಿಗೆಯಿಂದ ಬುಡಸಹಿತ ತೆಗೆಯಿರಿ, ಒಂದೂ ಒಡೆಯಕೂಡದು. ಕೊನೆಗೆ ಕಡ್ಡಿಯ ತುದಿಯಲ್ಲಿ ಉಳಿಯುವುದು ಮೂರೋ ನಾಲ್ಕೋ ಐದೋ ಪುಟ್ಟ ಹಸಿರು ಕಾಯಿಗಳು. ಕೆಲವಕ್ಕೆ ಮೈಮೇಲೆ ಬೆಳ್ಳಿ ರೋಮ, ಪ್ರತಿಯೊಂದರ ನೆತ್ತಿಯಲ್ಲೂ ಬಾಗಿದ ಒಂದು ಅಂಚು. ಕೆಂಪೋ ಕೆನೆಬಣ್ಣವೋ ಇರುವ ಆ ಅಂಚೇ ಪರಾಗ ಹಿಡಿಯುವ ಶಲಾಕಾಗ್ರ. ಅದು ತೇವದಿಂದ ಹೊಳೆಯತೊಡಗಿದಾಗ ಬೆರಳ ತುದಿಯಲ್ಲೋ ಕುಂಚದಲ್ಲೋ ಪರಾಗ ಸವರಿ. ಹೊಳಪು ಯಾವ ಗಳಿಗೆಯಲ್ಲಿ ಬರುತ್ತದೆಂದು ಹೇಳುವಂತಿಲ್ಲವಾದ್ದರಿಂದ ಎರಡು ಮೂರು ದಿನ ಬೆಳಗ್ಗೆ ಮತ್ತೆ ಮತ್ತೆ ಸವರುವುದು ವಾಡಿಕೆ. ಪ್ರತಿ ಸಲವೂ ಕಾಗದದ ಚೀಲ ಮುಚ್ಚಿ ದಾರ ಕಟ್ಟಿ. ಪ್ಲಾಸ್ಟಿಕ್ ಬೇಡ, ಒಳಗೆ ಬೆವರಿ ಕೊಳೆಯುತ್ತದೆ.

ಕಡ್ಡಿಗೆ ಕಟ್ಟುವ ಚೀಟಿಯಲ್ಲಿ ತಾಯಿಯ ಹೆಸರು ಮೊದಲು, ನಡುವೆ ಗುಣಾಕಾರ ಚಿಹ್ನೆ, ಆಮೇಲೆ ತಂದೆಯ ಹೆಸರು. ಪೆನ್ಸಿಲ್‌ನಲ್ಲಿ ಬರೆಯಿರಿ, ಎರಡು ತಿಂಗಳ ಬಿಸಿಲು ಮಳೆಗೆ ಎಷ್ಟೋ ಶಾಯಿಗಳು ಅಳಿಸಿಹೋಗುತ್ತವೆ.

ಮೊಗ್ಗಿನ ತುಂಬ ಇರುವೆ ಇದೆ, ಅವೇ ಪರಾಗ ಬೆರೆಸಿಬಿಡುವುದಿಲ್ಲವೇ?

ಇಲ್ಲ. ಮೊಗ್ಗಿನ ಹೊರಗಿನ ಹಸಿರು ಎಲೆಗಳಲ್ಲಿ ಒಸರುವ ಸಿಹಿ ರಸಕ್ಕೆ ಅವು ಬರುತ್ತವೆ. ಔಷಧ ಹೊಡೆಯಬೇಡಿ. ಕಾವಲು ಬೇಕಿರುವುದು ಜೇನಿಗೆ, ಬಂಬಲ್ ದುಂಬಿಗೆ, ಅದಕ್ಕೇ ಚೀಲ.

ಬೀಜ ಊರಿ ವರ್ಷವಾದರೂ ಏನೂ ಮೇಲೆ ಬರಲಿಲ್ಲ. ಸತ್ತಿದೆಯೇ?

ಅಗೆದು ನೋಡುವ ಆಸೆ ತಡೆದುಕೊಳ್ಳಿ. ಪಿಯೋನಿ ಬೀಜಕ್ಕೆ ಎರಡು ನಿದ್ದೆ. ತೇವದ ಮಣ್ಣಿನಲ್ಲಿ 15–20 ಡಿಗ್ರಿ ಬೆಚ್ಚಗೆ ಎರಡು ಮೂರು ತಿಂಗಳಿದ್ದಾಗ ಬೇರು ಮಾತ್ರ ಇಳಿಯುತ್ತದೆ. ಆಮೇಲೆ 4–5 ಡಿಗ್ರಿಯ ಚಳಿಯಲ್ಲಿ ಮತ್ತೆರಡು ಮೂರು ತಿಂಗಳು ಕಳೆದ ಮೇಲಷ್ಟೇ ಕುಡಿ ಎಚ್ಚರಗೊಳ್ಳುತ್ತದೆ. ಆಗಸ್ಟ್‌ನಲ್ಲಿ ಕಾಯಿ ಬಿರಿಯುತ್ತಿದ್ದಂತೆ ಹಸಿಬೀಜವನ್ನೇ ಊರಿದರೆ ಆ ಬೇಸಿಗೆಯ ಕೊನೆಯ ಬಿಸಿಯಲ್ಲಿ ಬೇರು ಬಿಟ್ಟು ಮುಂದಿನ ವಸಂತಕ್ಕೆ ಮೇಲೆ ಬರಬಹುದು. ಒಣಗಿಸಿ ಕಾದು ಊರಿದ ಬೀಜಕ್ಕೆ ಇನ್ನೊಂದು ವರ್ಷ ಸೇರಿಕೊಳ್ಳುತ್ತದೆ. ಬೀಜದಳಗಳು ನೆಲದೊಳಗೇ ಉಳಿಯುವುದರಿಂದ ನೀವು ಮೊದಲು ಕಾಣುವುದೇ ನಿಜವಾದ ಎಲೆ.

ತುಂಬಿದ ಬೀಜ ಕಪ್ಪಗೆ ಹೊಳೆಯುತ್ತದೆ. ಕೆಲವು ಪ್ರಭೇದಗಳ ಕಾಯಿಯಲ್ಲಿ ಕಪ್ಪಿನ ನಡುವೆ ಕಡುಗೆಂಪು ಕಾಳುಗಳು ಎದ್ದು ಕಾಣುತ್ತವೆ. ಅವು ಜೊಳ್ಳು, ಎಷ್ಟೇ ಸುಂದರವಾಗಿದ್ದರೂ ಊರಿ ಫಲವಿಲ್ಲ.

ಯಾವುದನ್ನು ಉಳಿಸಬೇಕು, ಯಾವುದನ್ನು ಕೀಳಬೇಕು?

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದು. ನೀವೇ ಹುಟ್ಟಿಸಿದ ಗಿಡ ಮೊದಲ ಸಲ ಅರಳಿದಾಗ ಅದು ಲೋಕದ ಅತಿ ಸುಂದರ ಹೂವಾಗಿ ಕಾಣುತ್ತದೆ, ಕಾಣಲೇಬೇಕು. ಆ ವರ್ಷ ಏನೂ ತೀರ್ಮಾನಿಸಬೇಡಿ. ಎಳೆಯ ಗಿಡದ ಮೊದಲ ಹೂ ಎಷ್ಟೋ ಸಲ ಗಿಡದ ನಿಜ ಗುಣ ತೋರಿಸುವುದೇ ಇಲ್ಲ. ಮೊದಲ ವರ್ಷ ಒಂಟಿಸುತ್ತಾಗಿ ಕಂಡದ್ದು ಮೂರನೆಯ ವರ್ಷ ತುಂಬುಸುತ್ತಾಗಬಹುದು.

ಮೂರನೆಯ ಹೂಗಾಲದಿಂದ ಕಟ್ಟುನಿಟ್ಟಾಗಿ. ನಾನು ಕಡ್ಡಿಯಿಂದ ಶುರುಮಾಡುತ್ತೇನೆ, ಹೂವಿಂದಲ್ಲ. ರಾತ್ರಿ ಜೋರು ಮಳೆ ಬಂದ ಮರುಬೆಳಗ್ಗೆ ಸಾಲಿನಲ್ಲಿ ನಡೆಯಿರಿ: ತಲೆ ನೆಲಕ್ಕಿಟ್ಟವು ಎಷ್ಟೇ ಬಣ್ಣವಾಗಿದ್ದರೂ ಅವುಗಳ ಮುಂದೆ ಒಂದು ಕೆಂಪು ಕಡ್ಡಿ ಚುಚ್ಚಿ. ಮುಷ್ಟಿಗಾತ್ರದ ತುಂಬುಸುತ್ತಿನ ಹೂಗಳು ಈ ಪರೀಕ್ಷೆಯಲ್ಲಿ ಸಾಲಾಗಿ ಬೀಳುತ್ತವೆ. ಆಮೇಲೆ ಆಗಸ್ಟ್‌ನಲ್ಲಿ ಎಲೆ ನೋಡಿ. ಹೂ ಇರುವುದು ವಾರ ಹತ್ತು ದಿನ, ಎಲೆ ಇರುವುದು ಐದು ತಿಂಗಳು. ಬೊಟ್ರೈಟಿಸ್ ಶಿಲೀಂಧ್ರದಿಂದ ಮೊಗ್ಗು ಕಪ್ಪಾಗಿ ಬಾಡುವ, ಎಲೆಯ ಮೇಲೆ ಕಂದು ಮಚ್ಚೆ ಬೀಳುವ ಗಿಡವನ್ನು ಮಂದಿಯ ತೋಟಕ್ಕೆ ಕಳಿಸುವುದು ತಪ್ಪು. ಬುಡ ದಪ್ಪವಾಗದೆ ವರ್ಷವರ್ಷ ಎರಡೇ ಕಡ್ಡಿ ಕೊಡುವ ಗಿಡವೂ ಬೇಡ.

ಕೊನೆಯ ಪರೀಕ್ಷೆ ಇದು: ನಿಮ್ಮ ಗಿಡದ ಹೂವನ್ನು, ಅದನ್ನೇ ಹೋಲುವ ಹೆಸರಾಂತ ತಳಿಯ ಹೂವಿನ ಪಕ್ಕದಲ್ಲಿಡಿ. ತಿಳಿಗುಲಾಬಿಯ ತುಂಬುಸುತ್ತಾದರೆ 1906ರ ‘ಸಾರಾ ಬರ್ನ್‌ಹಾರ್ಟ್’ ಪಕ್ಕಕ್ಕೆ. ಎರಡರ ವ್ಯತ್ಯಾಸವನ್ನು ಬೇರೆಯವರಿಗೆ ಬಾಯಲ್ಲಿ ಹೇಳಿ ಗುರುತಿಸುವಂತೆ ಮಾಡಲಾಗದಿದ್ದರೆ ಅದಕ್ಕೆ ಹೊಸ ಹೆಸರು ಬೇಕಿಲ್ಲ. ಅಂಗಳದಲ್ಲಿ ಇಟ್ಟುಕೊಂಡು ಪ್ರೀತಿಯಿಂದ ಬೆಳೆಸಿ, ಅದಕ್ಕೇನೂ ಅಡ್ಡಿಯಿಲ್ಲ.

ತಳಿಯ ವಿವರಣೆ ಬರೆಯುವುದು ಹೇಗೆ?

"ಮನಮೋಹಕ ಗುಲಾಬಿ ಬಣ್ಣದ ದೊಡ್ಡ ಹೂ, ಒಳ್ಳೆಯ ವಾಸನೆ, ಗಟ್ಟಿ ಗಿಡ." ಇದನ್ನು ಓದಿ ಸಾವಿರ ಗಿಡಗಳ ನಡುವೆ ಒಂದನ್ನು ಯಾರೂ ಹುಡುಕಲಾರರು. ವಿವರಣೆ ಇರುವುದೇ ಹುಡುಕಲಿಕ್ಕೆ. ನಾಳೆ ಚೀಟಿ ಕಳೆದುಹೋದರೆ ಗಿಡ ಗುರುತು ಹಿಡಿಯಲು ಉಳಿಯುವುದು ಅದೊಂದೇ. ಒಂದು ಮಾದರಿ ಬರೆದು ತೋರಿಸುತ್ತೇನೆ:

"ಗೆಡ್ಡೆ ಪಿಯೋನಿ, ಲ್ಯಾಕ್ಟಿಫ್ಲೋರಾ. ಒಂಟಿಸುತ್ತು, ಎಸಳು 8–10, ಬಟ್ಟಲಿನಂತೆ ಒಳಬಾಗಿ, ಅಂಚು ಒಂದೆರಡು ಕಡೆ ಸೀಳು. ಅರಳಿದ ಮೊದಲ ದಿನ ಕೆಂಪು-ನೇರಳೆ ಗುಂಪಿನ 62ಸಿ, ನಾಲ್ಕನೆಯ ದಿನಕ್ಕೆ ಅಂಚಿನಿಂದ ಬಿಳುಪು. ಹೂವಿನ ಅಗಲ 14 ಸೆಂ.ಮೀ. ಕೇಸರದ ಕಡ್ಡಿ ತಿಳಿಹಳದಿ, ಪರಾಗ ಧಾರಾಳ. ಕಾಯಿ 4, ಹಸಿರು, ನುಣ್ಣಗೆ, ಶಲಾಕಾಗ್ರ ಕಡುಗುಲಾಬಿ. ಬೀಜ ಕಟ್ಟುತ್ತದೆ. ಸುವಾಸನೆ ಹಗುರ, ಬೆಳಗ್ಗೆ ಮಾತ್ರ. ಕಡ್ಡಿಗೆ ಪಕ್ಕಮೊಗ್ಗು 2. ಎತ್ತರ 80 ಸೆಂ.ಮೀ., ಆಸರೆ ಬೇಕಿಲ್ಲ. ‘ಫೆಸ್ಟೀವಾ ಮ್ಯಾಕ್ಸಿಮಾ’ ಅರಳಿದ ನಾಲ್ಕು ದಿನಕ್ಕೆ ಅರಳುತ್ತದೆ. ಎಲೆ ಕಡುಹಸಿರು, ಸೆಪ್ಟೆಂಬರ್‌ನಲ್ಲಿ ಕೆಂಪಾಗುತ್ತದೆ."

ಹೊಗಳಿಕೆ ಒಂದೂ ಇಲ್ಲ, ಆದರೂ ಓದಿದವರ ಕಣ್ಣಿಗೆ ಗಿಡ ಕಟ್ಟುತ್ತದೆ. 62ಸಿ ಎಂಬುದು ಬಣ್ಣದ ಚಾರ್ಟ್‌ನಲ್ಲಿ ಒಂದು ಛಾಯೆಯ ಸಂಖ್ಯೆ, ಆ ಚಾರ್ಟ್ ಬಗ್ಗೆ ಮುಂದೆ ಹೇಳಿದ್ದೇನೆ. ಅರಳುವ ಕಾಲವನ್ನು ತಾರೀಕಿನಲ್ಲಿ ಹೇಳದೆ ಬೇರೊಂದು ತಳಿಗೆ ಹೋಲಿಸಿರುವುದನ್ನು ಗಮನಿಸಿ. ಮಿನ್ನೆಸೋಟದ ಜೂನ್ 8 ಎಂದರೆ ಇಂಗ್ಲೆಂಡಿನವರಿಗೆ ಪ್ರಯೋಜನವಿಲ್ಲ. ಎಲ್ಲರ ತೋಟದಲ್ಲೂ ಇರುವ ಹೂವಿಗಿಂತ ನಾಲ್ಕು ದಿನ ತಡ ಎಂದರೆ ಯಾರಿಗೂ ಅರ್ಥವಾಗುತ್ತದೆ. ಅಳತೆಗಳನ್ನು ಒಂದೇ ವರ್ಷದ ಒಂದೇ ಹೂವಿಂದ ತೆಗೆಯದೆ, ಬಲಿತ ಗಿಡದ ಹಲವು ಹೂಗಳಿಂದ, ಕೆಲವು ವರ್ಷ ತೆಗೆಯಿರಿ.

ಹೂವಿನ ಆಕಾರಕ್ಕೆ ಬಳಕೆಯಲ್ಲಿರುವ ಹೆಸರುಗಳನ್ನೇ ಹಿಡಿಯಬೇಕು. ಒಂಟಿಸುತ್ತು, ಅರೆಸುತ್ತು, ತುಂಬುಸುತ್ತು ಎಲ್ಲರಿಗೂ ತಿಳಿದದ್ದು. ಕೇಸರಗಳು ಅಗಲವಾಗಿ ಪರಾಗ ಕಳೆದುಕೊಂಡು ನಡುವೆ ಕುಚ್ಚಿನಂತೆ ನಿಂತರೆ ಜಪಾನಿ ಬಗೆ. ಅವು ಇನ್ನೂ ಮುಂದುವರಿದು ಸಣ್ಣ ಎಸಳುಗಳೇ ಆದರೆ ಅನಿಮೋನ್. ಆ ಸಣ್ಣ ಎಸಳುಗಳು ಹೊರಸುತ್ತಿನ ಮೇಲೆ ದುಂಡಗೆ ಚೆಂಡಾಗಿ ಕೂತರೆ ಬಾಂಬ್.

ಬಣ್ಣ ಹೇಳಲು ಚಾರ್ಟ್ ಬೇಕೇ ಬೇಕೇ? ಫೋಟೋ ಸಾಲದೇ?

ಫೋಟೋ ಬೇಕು, ಆದರೆ ಅದೊಂದನ್ನೇ ನಂಬಿದರೆ ಕೆಟ್ಟಿರಿ. ಫೋನಿನ ಕ್ಯಾಮೆರಾ ಹವಳದ ಬಣ್ಣವನ್ನು ಕಿತ್ತಳೆ ಮಾಡುತ್ತದೆ, ಕಡುಗೆಂಪಿನ ಒಳಗಿನ ನೇರಳೆಯನ್ನು ನುಂಗುತ್ತದೆ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಬಣ್ಣದ ಚಾರ್ಟ್‌ನಲ್ಲಿ 900ಕ್ಕೂ ಹೆಚ್ಚು ಛಾಯೆಗಳಿವೆ, ಪ್ರತಿಯೊಂದಕ್ಕೂ ಸಂಖ್ಯೆ. ಬೆಲೆ ಹೆಚ್ಚು, ಹೊಸದಾಗಿ ಕೊಳ್ಳಬೇಕಿಲ್ಲ. ಹತ್ತಿರದ ಸಸ್ಯೋದ್ಯಾನದಲ್ಲೋ ಪುಷ್ಪಪ್ರೇಮಿಗಳ ಸಂಘದಲ್ಲೋ ಕೇಳಿ ನೋಡಿ. ನೇರ ಬಿಸಿಲಿನಲ್ಲಿ ಹೊಂದಿಸಬೇಡಿ. ಉತ್ತರದ ಕಿಟಕಿಯ ಬೆಳಕಿನಲ್ಲಿ, ಎಸಳಿನ ಒಳಮೈಯ ನಡುಭಾಗಕ್ಕೆ ಚಾರ್ಟ್ ಹಿಡಿಯಿರಿ.

ಬಣ್ಣವನ್ನು ಒಂದಕ್ಕಿಂತ ಹೆಚ್ಚು ದಿನ ಗುರುತು ಹಾಕಿಕೊಳ್ಳಿ. 1964ರಲ್ಲಿ ನೋಂದಣಿಯಾದ ‘ಕೋರಲ್ ಚಾರ್ಮ್’ ಹವಳವಾಗಿ ಅರಳಿ ಕೆನೆಹಳದಿಯಾಗಿ ಉದುರುತ್ತದೆ. ಮೊದಲ ದಿನ ನೋಡಿದವರೂ ಕೊನೆಯ ದಿನ ನೋಡಿದವರೂ ಬರೆದ ವಿವರಣೆಗಳನ್ನು ಪಕ್ಕಪಕ್ಕ ಇಟ್ಟರೆ ಎರಡು ಬೇರೆ ಗಿಡ ಎಂದೇ ಅನ್ನಿಸುತ್ತದೆ.

ತಂದೆ ಯಾರೆಂದು ಗೊತ್ತಿಲ್ಲ. ನೋಂದಾಯಿಸಬಹುದೇ?

ಬಹುದು. ಜೇನು ಕೂಡಿಸಿದ ಬೀಜವಾದರೆ ತಾಯಿಯ ಹೆಸರು ಬರೆದು ತಂದೆ ತಿಳಿಯದು ಎನ್ನಿ. ಊಹೆಯನ್ನು ಖಚಿತವೆಂಬಂತೆ ಬರೆಯಬೇಡಿ. ನಿಮ್ಮ ಮಾತು ನಂಬಿ ಇನ್ನೊಬ್ಬರು ಹತ್ತು ವರ್ಷದ ಕೆಲಸಕ್ಕೆ ಕೂರುತ್ತಾರೆ.

ಹಳದಿ ಪಿಯೋನಿ ಹುಟ್ಟಿಸಿದವರು ಅದನ್ನು ನೋಡಲೇ ಇಲ್ಲವಂತೆ, ನಿಜವೇ?

ನಿಜ. ಮರ ಪಿಯೋನಿಯ ಕಡುಹಳದಿಯನ್ನು ಗೆಡ್ಡೆ ಪಿಯೋನಿಗೆ ತರಲು ಎಷ್ಟೋ ಜನ ಸೋತಿದ್ದರು. ಟೋಕಿಯೋದ ತೋಯಿಚಿ ಇಟೋ 1948ರಲ್ಲಿ ‘ಕಾಕೋಡೆನ್’ ಎಂಬ ಬಿಳಿ ಲ್ಯಾಕ್ಟಿಫ್ಲೋರಾವನ್ನು ತಾಯಿ ಮಾಡಿ, ಫ್ರಾನ್ಸಿನ ಲೆಮೊಯಿನ್ ಮನೆತನದ ಹಳದಿ ಮರ ಪಿಯೋನಿ ‘ಆಲಿಸ್ ಹಾರ್ಡಿಂಗ್’ನ ಪರಾಗ ಹಾಕಿದರು. ಸಾವಿರಕ್ಕೂ ಹೆಚ್ಚು ಸಲ ಕೂಡಿಸಿ ಕೈಗೆ ಬಂದದ್ದು 36 ಸಸಿ ಎನ್ನುತ್ತಾರೆ. 1956ರಲ್ಲಿ ಇಟೋ ತೀರಿಕೊಂಡಾಗ ಒಂದೂ ಅರಳಿರಲಿಲ್ಲ. ಜೊತೆಗಿದ್ದವರು ಸಸಿ ಉಳಿಸಿಕೊಂಡರು, 1960ರ ದಶಕದಲ್ಲಿ ಹಳದಿ ಹೂ ಬಂತು. ಅಮೆರಿಕದ ಲೂಯಿ ಸ್ಮಿರ್ನೋ ಅವುಗಳಲ್ಲಿ ನಾಲ್ಕನ್ನು ತಂದು 1974ರಲ್ಲಿ ನೋಂದಾಯಿಸಿದರು. ‘ಯೆಲ್ಲೋ ಕ್ರೌನ್’, ‘ಯೆಲ್ಲೋ ಡ್ರೀಮ್’, ‘ಯೆಲ್ಲೋ ಎಂಪರರ್’, ‘ಯೆಲ್ಲೋ ಹೆವನ್’ ಆ ನಾಲ್ಕು. ವಿಸ್ಕಾನ್ಸಿನ್‌ನ ರೋಜರ್ ಆಂಡರ್ಸನ್ ಅವರ ‘ಬಾರ್ಟ್‌ಜೆಲ್ಲಾ’ (1986) ಇದೇ ಹಾದಿಯಲ್ಲಿ ಬಂದದ್ದು. ಇವತ್ತು ನೀವು ಅಂಗಡಿಯಲ್ಲಿ ಕೊಳ್ಳುವ ಇಟೋ ಹಳದಿ ಹೆಚ್ಚಾಗಿ ಅದೇ.

ಹೆಸರಿಡಲು ನಿಯಮವೇನು? ಕನ್ನಡದ ಹೆಸರು ಇಡಬಹುದೇ?

ಧಾರಾಳವಾಗಿ. ರೋಮನ್ ಅಕ್ಷರದಲ್ಲಿ ಬರೆದಾಗ ಖಾಲಿ ಜಾಗ ಬಿಟ್ಟು 30 ಅಕ್ಷರ ಮೀರಬಾರದು. ಪಿಯೋನಿಯಲ್ಲಿ ಈಗಾಗಲೇ ಬಳಕೆಯಾದ ಹೆಸರು, ಅಥವಾ ಅದರೊಂದಿಗೆ ಗೊಂದಲವಾಗುವಷ್ಟು ಹತ್ತಿರದ ಹೆಸರು ಬೇಡ. 1959ರ ನಂತರದ ಹೊಸ ಹೆಸರು ಲ್ಯಾಟಿನ್ ರೂಪದಲ್ಲಿರಕೂಡದು. "ಕೆಂಪು ತುಂಬುಸುತ್ತು" ಎಂಬಂತೆ ಬರೀ ವರ್ಣನೆಯೂ ಹೆಸರಾಗದು. ಬದುಕಿರುವವರ ಹೆಸರಿಡುವುದಾದರೆ ಅವರ ಒಪ್ಪಿಗೆ ಪಡೆಯಿರಿ. ಹೆಸರನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಬರೆಯುತ್ತಾರೆ.

ಬೆಳೆಸಿದವರ ಮನೆತನದ ಹೆಸರಿಡುವ ಪದ್ಧತಿ ತೀರ ಹಳೆಯದು. ಸುಮಾರು 1034ರಲ್ಲಿ ಚೀನಾದ ಒಯಾಂಗ್ ಶಿಯು ಲುವೊಯಾಂಗ್‌ನ ಮರ ಪಿಯೋನಿಗಳನ್ನು ಹೆಸರು ಹಿಡಿದು ಬಣ್ಣಿಸಿದಾಗಲೇ ಯಾವೋ ಮನೆಯ ಹಳದಿ, ವೇ ಮನೆಯ ಹೂ ಮೇಲ್ಪಂಕ್ತಿಯಲ್ಲಿದ್ದವು. ನಿಮ್ಮ ಅಜ್ಜಿಯ ಹೆಸರೋ ಊರಿನ ಹೆಸರೋ ಜರ್ಮನಿಯ ಒಂದು ಕ್ಯಾಟಲಾಗ್‌ನಲ್ಲಿ ಅಚ್ಚಾಗುವುದನ್ನು ನೆನೆದರೆ ನನಗಂತೂ ಖುಷಿಯಾಗುತ್ತದೆ.

ನೋಂದಣಿ ಎಲ್ಲಿ? ಅದರಿಂದ ಹಕ್ಕು ಬರುತ್ತದೆಯೇ?

1903ರಲ್ಲಿ ಹುಟ್ಟಿದ ಅಮೆರಿಕನ್ ಪಿಯೋನಿ ಸೊಸೈಟಿ 1974ರಿಂದ ಇಡೀ ಜಗತ್ತಿಗೆ ಪಿಯೋನಿ ತಳಿಗಳ ಅಧಿಕೃತ ನೋಂದಣಿದಾರ. ಯಾವ ದೇಶದವರೂ ಅರ್ಜಿ ಹಾಕಬಹುದು. ನಿಮ್ಮ ವಿವರಣೆ ಸರಿಯಾಗಿದ್ದರೆ ಅರ್ಜಿಯ ಬಹುಪಾಲು ಆಗಲೇ ತುಂಬಿದಂತೆ.

ಹಕ್ಕು ಮಾತ್ರ ಬೇರೆ ಸಂಗತಿ. ನೋಂದಣಿ ಹೆಸರನ್ನು ಕಾಯುತ್ತದೆ, ಗಿಡವನ್ನಲ್ಲ. ಬೇರೆಯವರು ಹೆಚ್ಚಿಸಿ ಮಾರದಂತೆ ತಡೆಯಬೇಕಾದರೆ ಅಮೆರಿಕದಲ್ಲಿ ಸಸ್ಯ ಪೇಟೆಂಟ್ ಪಡೆಯಬೇಕು, ಅದರ ಅವಧಿ ಅರ್ಜಿ ಹಾಕಿದಲ್ಲಿಂದ 20 ವರ್ಷ. ಯುರೋಪಿನಲ್ಲಿ ತಳಿಗಾರರ ಹಕ್ಕು ಎಂಬ ವ್ಯವಸ್ಥೆಯಿದೆ. ಅಲ್ಲಿ ಗಿಡ ಬೇರೆಯಾಗಿದೆಯೇ, ಏಕರೂಪವಾಗಿದೆಯೇ, ಸ್ಥಿರವಾಗಿದೆಯೇ ಎಂದು ಬೆಳೆಸಿಯೇ ಪರೀಕ್ಷಿಸುತ್ತಾರೆ. ಎರಡರಲ್ಲೂ ಮಾರಾಟ ಶುರುವಾದ ಮೇಲೆ ಗಡುವು ಓಡತೊಡಗುವುದರಿಂದ ಮೊದಲ ಗಿಡ ಮಾರುವ ಮೊದಲೇ ಯೋಚಿಸಿ. ಹಿತ್ತಿಲಲ್ಲಿ ಬೆಳೆಸುವ ಬಹುತೇಕರಿಗೆ ಆ ಖರ್ಚು ಹುಟ್ಟುವುದಿಲ್ಲ, ನೋಂದಣಿ ಸಾಕು.

ಗಿಡ ಒಂದೇ ಇದೆ. ಹೆಚ್ಚಿಸಿ ಹಂಚುವುದು ಹೇಗೆ?

ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಕಡ್ಡಿ ಕತ್ತರಿಸಿ, ಬುಡವನ್ನು ಸುತ್ತಲೂ ಅಗೆದೆತ್ತಿ, ಮಣ್ಣು ತೊಳೆದು ಒಂದು ದಿನ ನೆರಳಿನಲ್ಲಿಡಿ. ಬೇರು ಸ್ವಲ್ಪ ಮೆತ್ತಗಾದರೆ ಸೀಳುವಾಗ ಮುರಿಯುವುದಿಲ್ಲ. ಪ್ರತಿ ತುಂಡಿಗೂ ಮೂರರಿಂದ ಐದು ಕಣ್ಣು, ಜೊತೆಗೆ ಗಟ್ಟಿ ಬೇರು ಇರಲಿ. ಕಣ್ಣಿನ ಮೇಲೆ 5 ಸೆಂ.ಮೀ.ಗಿಂತ ಹೆಚ್ಚು ಮಣ್ಣು ಬೀಳಬಾರದು. ಆಳವಾಯಿತೆಂದರೆ ಎಲೆ ಬರುತ್ತದೆ, ಹೂ ಬರುವುದಿಲ್ಲ. ಮೊದಲ ಸಲ ಸೀಳಿದಾಗಲೇ ಒಂದು ತುಂಡನ್ನು ಬೇರೆ ಊರಿನ ಒಬ್ಬರಿಗೆ, ಬರೆದಿಟ್ಟ ವಿವರಣೆಯ ಪ್ರತಿಯ ಸಮೇತ ಕೊಟ್ಟುಬಿಡಿ. ಅವರ ಮಣ್ಣಿನಲ್ಲಿ ಎತ್ತರ, ಬಣ್ಣ, ಅರಳುವ ಕಾಲ ಹೇಗಿದೆಯೆಂದು ಅವರೂ ಬರೆದು ಕಳಿಸಲಿ. ಎರಡು ತೋಟಗಳಲ್ಲಿ ಹೊಂದಿದ ಮಾತುಗಳನ್ನಷ್ಟೇ ಅರ್ಜಿಯಲ್ಲಿ ಬರೆಯಿರಿ.